ನೋಂದಣಿಯಿಂದ ಬಾಗಿಲಿನವರೆಗೆ: ಕಾರ್ಯಕ್ರಮ ತಂತ್ರಾಂಶಗಳ ನಡುವೆ ತಕ್ಷಣದ ಮಾಹಿತಿ ವಿನಿಮಯ

ಕೇಳುಗರೆಲ್ಲರಿಗೂ ನಮಸ್ಕಾರ.

ದೊಡ್ಡದೊಂದು ಸಮ್ಮೇಳನದ ಬಾಗಿಲು ತೆರೆಯುವ ಹೊತ್ತು ಎಂದುಕೊಳ್ಳಿ. ಸಾಲಿನಲ್ಲಿ ನಿಂತಿರುವ ಒಬ್ಬರು ಅಲ್ಲಿಂದಲೇ ಫೋನಿನಲ್ಲಿ ನೋಂದಣಿ ಮಾಡಿ ಹಣ ಕಟ್ಟುತ್ತಾರೆ. ಎರಡು ನಿಮಿಷದಲ್ಲಿ ಮೇಜಿನ ಮುಂದೆ ಬಂದಾಗ, ಅಲ್ಲಿ ಕುಳಿತವರು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಹೆಸರೇ ಇಲ್ಲವಲ್ಲ ಎನ್ನುತ್ತಾರೆ. ಹಣ ಹೋಗಿದೆ, ರಸೀದಿ ಬಂದಿದೆ, ಹೆಸರು ಮಾತ್ರ ಬಂದಿಲ್ಲ. ಇಲ್ಲಿ ಯಾವ ತಂತ್ರಾಂಶವೂ ಕೆಟ್ಟಿಲ್ಲ. ನೋಂದಣಿಯ ತಂತ್ರಾಂಶ ತನ್ನ ಕೆಲಸ ಮಾಡಿದೆ, ಹಣ ಪಾವತಿಯದು ತನ್ನ ಕೆಲಸ ಮಾಡಿದೆ, ಬ್ಯಾಡ್ಜ್ ಮುದ್ರಿಸುವುದೂ ಸರಿಯಾಗಿಯೇ ಇದೆ. ಒಂದಕ್ಕೆ ತಿಳಿದದ್ದು ಇನ್ನೊಂದಕ್ಕೆ ಹೊತ್ತಿಗೆ ಸರಿಯಾಗಿ ತಲುಪಿಲ್ಲ, ಅಷ್ಟೆ.

ಮಧ್ಯಮ ಗಾತ್ರದ ಕಾರ್ಯಕ್ರಮಕ್ಕೂ ಇಂದು ನೋಂದಣಿಗೊಂದು, ಹಣ ಪಾವತಿಗೊಂದು, ಇಮೇಲ್ ಕಳುಹಿಸುವುದಕ್ಕೊಂದು, ಗ್ರಾಹಕರ ದಾಖಲೆಗೊಂದು, ಬ್ಯಾಡ್ಜ್ ಮುದ್ರಣಕ್ಕೊಂದು, ಲೆಕ್ಕಪತ್ರಕ್ಕೊಂದು ಎಂದು ಹಲವು ತಂತ್ರಾಂಶಗಳು ಬೇಕಾಗುತ್ತವೆ. ಒಬ್ಬರೇ ವ್ಯಕ್ತಿಯ ಹೆಸರು ಇವೆಲ್ಲದರಲ್ಲೂ ಬೇರೆಬೇರೆ ಪ್ರತಿಯಾಗಿ ಕುಳಿತಿರುತ್ತದೆ. ಇವುಗಳನ್ನು ಪರಸ್ಪರ ಜೋಡಿಸಿ, ಒಂದರಲ್ಲಿ ಆದ ಬದಲಾವಣೆ ಕೆಲವೇ ಕ್ಷಣಗಳಲ್ಲಿ ಉಳಿದವುಗಳಿಗೆ ಮುಟ್ಟುವಂತೆ ಮಾಡುವುದು ಹೇಗೆ ಎಂಬುದು ಇಂದಿನ ಮಾತಿನ ವಿಷಯ. ಇದನ್ನು ಮಾಡಹೊರಟವರು ಸಾಮಾನ್ಯವಾಗಿ ವೇಗದ ಬಗ್ಗೆ ಚಿಂತಿಸುತ್ತಾರೆ. ನನ್ನ ದೃಷ್ಟಿಯಲ್ಲಿ ವೇಗ ಇದರಲ್ಲಿ ಸುಲಭದ ಭಾಗ. ಸಂದೇಶ ಎರಡು ಸಲ ಬಂದರೆ, ಹಿಂದುಮುಂದಾಗಿ ಬಂದರೆ, ಅಥವಾ ಬಾರದೇ ಹೋದರೆ ಏನು ಮಾಡಬೇಕು ಎಂಬುದೇ ಕಷ್ಟದ ಭಾಗ.

ಆದರೆ ಅದಕ್ಕೂ ಮೊದಲು, ಒಂದು ಸಾಲಿನ ಪ್ರೋಗ್ರಾಮನ್ನೂ ಬರೆಯದೆ ತೀರ್ಮಾನಿಸಬೇಕಾದ ಸಂಗತಿಯೊಂದಿದೆ. ಯಾವ ಮಾಹಿತಿಗೆ ಯಾವ ತಂತ್ರಾಂಶ ಯಜಮಾನ? ಟಿಕೆಟ್ ಯಾವ ದರ್ಜೆಯದು ಎಂಬುದಕ್ಕೆ ನೋಂದಣಿ ತಂತ್ರಾಂಶದ ಮಾತೇ ಅಂತಿಮವಿರಬಹುದು. ಸಂಸ್ಥೆಯ ಹೆಸರು ಮತ್ತು ಹುದ್ದೆಗೆ ಗ್ರಾಹಕ ದಾಖಲೆಯ ಮಾತು ಅಂತಿಮವಿರಬಹುದು. ಒಳಗೆ ಬಂದರೋ ಇಲ್ಲವೋ ಎಂಬುದಕ್ಕೆ ಬಾಗಿಲಿನ ಸ್ಕ್ಯಾನರ್ ಹೇಳಿದ್ದೇ ಅಂತಿಮ. ಪ್ರತಿಯೊಂದು ಅಂಶಕ್ಕೂ ಹೀಗೆ ಒಬ್ಬನೇ ಯಜಮಾನನನ್ನು ಗೊತ್ತುಮಾಡಿ, ಕಾಗದದ ಮೇಲೆ ಬರೆದು, ಕಾರ್ಯಕ್ರಮ ನಡೆಸುವವರ ಒಪ್ಪಿಗೆ ಪಡೆಯಬೇಕು. ಈ ತೀರ್ಮಾನ ಆಗದೆ ಎರಡೂ ಕಡೆಯಿಂದ ತಿದ್ದಲು ಬಿಟ್ಟರೆ, ಮೊದಲನೆಯದರಲ್ಲಿ ಆದ ಬದಲಾವಣೆ ಎರಡನೆಯದಕ್ಕೆ ಹೋಗುತ್ತದೆ, ಎರಡನೆಯದು ಅದನ್ನೇ ಹೊಸ ಬದಲಾವಣೆಯೆಂದು ತಿಳಿದು ಮೊದಲನೆಯದಕ್ಕೆ ಮರಳಿ ಕಳುಹಿಸುತ್ತದೆ, ಮತ್ತು ಎರಡೂ ತಂತ್ರಾಂಶಗಳು ರಾತ್ರಿಯಿಡೀ ಪರಸ್ಪರ ತಿದ್ದಿಕೊಳ್ಳುತ್ತ ಕೂರುತ್ತವೆ. ಎರಡೂ ದಿಕ್ಕಿನ ಹರಿವು ಅನಿವಾರ್ಯವಾದಾಗ, ಪ್ರತಿ ಬದಲಾವಣೆಯ ಜೊತೆಗೆ ಅದು ಎಲ್ಲಿ ಹುಟ್ಟಿತು ಎಂಬ ಗುರುತನ್ನು ಇಟ್ಟು, ತನ್ನಿಂದಲೇ ಹೊರಟು ತನಗೇ ಮರಳಿದ್ದನ್ನು ಕೈಬಿಡುವ ವ್ಯವಸ್ಥೆ ಬೇಕು.

ಯಜಮಾನಿಕೆಯ ಬೆನ್ನಿಗೇ ಗುರುತಿನ ಪ್ರಶ್ನೆ ಬರುತ್ತದೆ. ಒಂದು ತಂತ್ರಾಂಶದಲ್ಲಿರುವ ವ್ಯಕ್ತಿಯೇ ಇನ್ನೊಂದರಲ್ಲಿರುವವರು ಎಂದು ಹೇಗೆ ತಿಳಿಯುವುದು? ಹೆಚ್ಚಿನವರು ಇಮೇಲ್ ವಿಳಾಸವನ್ನೇ ಆಧಾರವಾಗಿ ಹಿಡಿಯುತ್ತಾರೆ, ಮತ್ತು ಮೊದಲ ಕಾರ್ಯಕ್ರಮದಲ್ಲೇ ಅದು ಕೈಕೊಡುತ್ತದೆ. ಕಚೇರಿಯ ಸಹಾಯಕರೊಬ್ಬರು ತಮ್ಮ ಒಂದೇ ವಿಳಾಸದಿಂದ ಐದು ಮಂದಿ ಸಹೋದ್ಯೋಗಿಗಳನ್ನು ನೋಂದಾಯಿಸುತ್ತಾರೆ. ಆಗ ಐವರೂ ಗ್ರಾಹಕ ದಾಖಲೆಯಲ್ಲಿ ಒಬ್ಬರ ಮೇಲೊಬ್ಬರು ಬರೆಯಲ್ಪಟ್ಟು, ಕೊನೆಯವರು ಮಾತ್ರ ಉಳಿಯುತ್ತಾರೆ. ಇನ್ನೊಬ್ಬರು ಕೆಲಸ ಬದಲಿಸಿ ಹೊಸ ವಿಳಾಸದಿಂದ ಬಂದರೆ ಇಬ್ಬರಾಗಿಬಿಡುತ್ತಾರೆ. ಆದ್ದರಿಂದ ನೋಂದಣಿ ತಂತ್ರಾಂಶ ಪ್ರತಿ ವ್ಯಕ್ತಿಗೆ ಕೊಡುವ ಬದಲಾಗದ ಆಂತರಿಕ ಸಂಖ್ಯೆಯನ್ನು ಉಳಿದ ತಂತ್ರಾಂಶಗಳಲ್ಲಿಯೂ ಒಂದು ಪ್ರತ್ಯೇಕ ಅಂಕಣದಲ್ಲಿ ಇಟ್ಟುಕೊಳ್ಳುವುದು, ಖರೀದಿಸಿದವರನ್ನೂ ಭಾಗವಹಿಸುವವರನ್ನೂ ಬೇರೆಬೇರೆ ದಾಖಲೆಗಳಾಗಿ ನೋಡುವುದು, ಇಮೇಲನ್ನು ಹೊಂದಾಣಿಕೆಯ ಸುಳಿವಾಗಿ ಮಾತ್ರ ಬಳಸುವುದು ಕ್ಷೇಮ.

ಇನ್ನು ಸಾಗಣೆಯ ವಿಚಾರ. ಹಳೆಯ ದಾರಿಯೆಂದರೆ ಒಂದು ತಂತ್ರಾಂಶ ಇನ್ನೊಂದನ್ನು ಆಗಾಗ ಹೊಸದೇನಾದರೂ ಇದೆಯೇ ಎಂದು ಕೇಳುತ್ತಿರುವುದು. ನಿಮಿಷಕ್ಕೊಮ್ಮೆ ಕೇಳಿದರೆ ದಿನಕ್ಕೆ 1,440 ವಿಚಾರಣೆಗಳಾಗುತ್ತವೆ. ನೋಂದಣಿ ಮಂದವಾಗಿರುವ ದಿನಗಳಲ್ಲಿ ಅವುಗಳಲ್ಲಿ ಬಹುಪಾಲಿಗೆ ಬರುವ ಉತ್ತರ ಏನೂ ಇಲ್ಲ ಎಂಬುದೇ. ಹೀಗಿದ್ದೂ ಮಾಹಿತಿ ಒಂದು ನಿಮಿಷದಷ್ಟು ಹಳೆಯದಾಗಿರಬಹುದು, ಮತ್ತು ಇನ್ನೂ ಪದೇಪದೇ ಕೇಳಹೋದರೆ ಆಚೆಯ ಸರ್ವರ್ ವಿಚಾರಣೆಗಳು ಮಿತಿಮೀರಿವೆ ಎಂಬ 429ನೆಯ ಸ್ಥಿತಿಸಂಕೇತ ಕೊಟ್ಟು ಬಾಗಿಲು ಹಾಕುತ್ತದೆ. ಇದಕ್ಕೆ ಪ್ರತಿಯಾಗಿ, ಘಟನೆ ನಡೆದ ಕೂಡಲೇ ನಾವು ಕೊಟ್ಟ ವಿಳಾಸಕ್ಕೆ ಆ ತಂತ್ರಾಂಶವೇ ಸಂದೇಶ ಕಳುಹಿಸುವ ವಿಧಾನಕ್ಕೆ ವೆಬ್‌ಹುಕ್ ಎನ್ನುತ್ತಾರೆ. 2007ರಲ್ಲಿ ಪ್ರೋಗ್ರಾಮರ್ ಜೆಫ್ ಲಿಂಡ್ಸೆ ಈ ಹೆಸರನ್ನು ಬಳಕೆಗೆ ತಂದರು. ಇಂದು ಹೆಸರುವಾಸಿಯಾದ ನೋಂದಣಿ ಸೇವೆಗಳು ಬಹುತೇಕ ಇದನ್ನು ಕೊಡುತ್ತವೆ. ಸಭಾಂಗಣದ ಪರದೆಯ ಮೇಲೆ ಬಂದವರ ಸಂಖ್ಯೆ ಏರುತ್ತಿರುವುದನ್ನು ತೋರಿಸಬೇಕಾದಂತಹ ಕಡೆ, ಸಂಪರ್ಕವನ್ನು ಸದಾ ತೆರೆದಿಡುವ ವೆಬ್‌ಸಾಕೆಟ್ ಉಪಯೋಗಕ್ಕೆ ಬರುತ್ತದೆ. ಅದರ ಮಾನಕ 2011ರದು. ಎರಡು ತಂತ್ರಾಂಶಗಳ ಜೋಡಣೆಗೆ ವೆಬ್‌ಹುಕ್ ಸಾಕು.

ವೆಬ್‌ಹುಕ್ ಸಂದೇಶದ ಒಳಗೆ ಏನಿರುತ್ತದೆ ಎಂಬುದನ್ನು ಗಮನಿಸಬೇಕು. ಕೆಲವು ಸೇವೆಗಳು ವ್ಯಕ್ತಿಯ ಪೂರ್ಣ ವಿವರವನ್ನು ಅದರಲ್ಲೇ ತುಂಬಿ ಕಳುಹಿಸುತ್ತವೆ. ಟಿಕೆಟ್ ಮತ್ತು ನೋಂದಣಿಯ ಸೇವೆಯಾದ ಈವೆಂಟ್‌ಬ್ರೈಟ್‌ನ ಸಂದೇಶವಾದರೋ ಬಹಳ ತೆಳುವಾದದ್ದು. ಯಾವ ಬಗೆಯ ಘಟನೆ ನಡೆಯಿತು ಎಂಬುದೂ, ವಿವರ ಬೇಕಾದರೆ ಕೇಳಬೇಕಾದ ಎಪಿಐ, ಅಂದರೆ ತಂತ್ರಾಂಶಗಳು ಪರಸ್ಪರ ಮಾತಾಡುವ ದ್ವಾರದ, ವಿಳಾಸವೂ ಅದರಲ್ಲಿರುತ್ತವೆ, ಆ ವಿಳಾಸಕ್ಕೆ ಹೋಗಿ ವಿವರವನ್ನು ನಾವೇ ತರಬೇಕು. ಮೊದಲ ನೋಟಕ್ಕೆ ಇದು ಸುತ್ತುದಾರಿಯಂತೆ ಕಾಣುತ್ತದೆ. ನನಗೆ ಇದೇ ಮೆಚ್ಚುಗೆ, ಏಕೆಂದರೆ ಸಂದೇಶ ತಡವಾಗಿ ಬಂದರೂ ನಾವು ತರುವ ವಿವರ ಆ ಕ್ಷಣದ್ದಾಗಿರುತ್ತದೆ, ಮತ್ತು ವ್ಯಕ್ತಿಯ ಖಾಸಗಿ ಮಾಹಿತಿ ಸಂದೇಶದೊಳಗೆ ಸುಮ್ಮನೆ ಓಡಾಡುವುದಿಲ್ಲ.

ಸಂದೇಶ ಪಡೆಯುವ ನಮ್ಮ ಸರ್ವರ್ ಮಾಡಬೇಕಾದ ಮೊದಲ ಕೆಲಸವೆಂದರೆ, ಅದನ್ನು ಸುರಕ್ಷಿತವಾದ ಸರತಿಯೊಂದರಲ್ಲಿ ಬರೆದಿಟ್ಟು, ತಲುಪಿತು ಎಂಬ ಉತ್ತರವನ್ನು ಕೂಡಲೇ ಕೊಡುವುದು. ಗ್ರಾಹಕ ದಾಖಲೆಯನ್ನು ತಿದ್ದುವುದು, ಇಮೇಲ್ ಕಳುಹಿಸುವುದು, ಬ್ಯಾಡ್ಜ್ ಸಿದ್ಧಪಡಿಸುವುದು ಇವೆಲ್ಲ ಆಮೇಲೆ, ಸರತಿಯಿಂದ ಒಂದೊಂದಾಗಿ ತೆಗೆದುಕೊಂಡು ಆಗಬೇಕು. ಕಳುಹಿಸುವವರು ಬಹಳ ಹೊತ್ತು ಕಾಯುವುದಿಲ್ಲ. ಉದಾಹರಣೆಗೆ ಪ್ರೋಗ್ರಾಮುಗಳನ್ನು ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ತನ್ನ ವೆಬ್‌ಹುಕ್‌ಗೆ 10 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ವಿಫಲವೆಂದೇ ಬರೆದುಕೊಳ್ಳುತ್ತದೆ. ಕೆಲಸವೆಲ್ಲ ಮುಗಿಸಿ ಆಮೇಲೆ ಉತ್ತರಿಸುತ್ತೇವೆ ಎಂದು ಕುಳಿತ ವ್ಯವಸ್ಥೆ, ನೋಂದಣಿ ತೆರೆದ ಮೊದಲ ಗಂಟೆಯ ನೂಕುನುಗ್ಗಲಿನಲ್ಲೇ ಕುಸಿಯುತ್ತದೆ.

ಈಗ ಎರಡು ಸಲ ಬರುವ ಸಂದೇಶದ ವಿಷಯಕ್ಕೆ ಬರೋಣ. ಗಣಕವಿಜ್ಞಾನದಲ್ಲಿ ಇಬ್ಬರು ಸೇನಾಪತಿಗಳ ಸಮಸ್ಯೆ ಎಂಬುದೊಂದಿದೆ. 1975ರಷ್ಟು ಹಿಂದೆಯೇ ಪ್ರಕಟವಾದ ವಿಚಾರ ಅದು. ದಾರಿಯಲ್ಲಿ ದೂತ ಸೆರೆಸಿಕ್ಕಬಹುದಾದರೆ, ತಮ್ಮ ಸಂದೇಶ ತಲುಪಿತೆಂದು ಇಬ್ಬರು ಸೇನಾಪತಿಗಳೂ ಏಕಕಾಲಕ್ಕೆ ಖಚಿತವಾಗಿ ತಿಳಿಯಲು ಸಾಧ್ಯವೇ ಇಲ್ಲ ಎಂಬುದು ಅದರ ಸಾರ. ಅಂತರ್ಜಾಲವೂ ಅಂಥದೇ ದಾರಿ. ನಮ್ಮ ಸರ್ವರ್ ಸಂದೇಶ ಪಡೆದು ಉತ್ತರ ಕೊಟ್ಟಿರಬಹುದು, ಆ ಉತ್ತರವೇ ದಾರಿಯಲ್ಲಿ ಕಳೆದುಹೋಗಿರಬಹುದು. ಕಳುಹಿಸಿದವರ ಮುಂದೆ ಆಗ ಎರಡೇ ಆಯ್ಕೆ: ಸುಮ್ಮನಿದ್ದು ಸಂದೇಶ ತಪ್ಪಿಹೋಗುವ ಅಪಾಯವನ್ನು ಒಪ್ಪುವುದು, ಅಥವಾ ಮತ್ತೆ ಕಳುಹಿಸಿ ಎರಡು ಸಲ ತಲುಪುವ ಅಪಾಯವನ್ನು ಒಪ್ಪುವುದು. ಮರುಪ್ರಯತ್ನ ಮಾಡುವ ಸೇವೆಗಳು ಎರಡನೆಯದನ್ನು ಆರಿಸಿಕೊಂಡಿವೆ, ಅದು ಸರಿಯಾದ ಆಯ್ಕೆಯೇ. ಹಾಗಾಗಿ ಒಂದೇ ಸಂದೇಶವನ್ನು ಎರಡು ಸಲ ನಡೆಸಿದರೂ ಫಲ ಒಂದೇ ಆಗಿರುವಂತೆ ನೋಡಿಕೊಳ್ಳುವ ಹೊಣೆ ಪಡೆಯುವವರ ಮೇಲೆ ಬೀಳುತ್ತದೆ. ಬಂದವರ ಸಂಖ್ಯೆಗೆ ಒಂದನ್ನು ಸೇರಿಸು ಎಂಬ ಆಜ್ಞೆ ಎರಡು ಸಲ ನಡೆದರೆ ಲೆಕ್ಕ ಕೆಡುತ್ತದೆ. ಇಂಥ ಸಂಖ್ಯೆಯ ವ್ಯಕ್ತಿ ಇಷ್ಟು ಹೊತ್ತಿಗೆ ಒಳಗೆ ಬಂದಿದ್ದಾರೆ ಎಂದು ಬರೆದಿಡುವುದು ಹತ್ತು ಸಲ ನಡೆದರೂ ಲೆಕ್ಕ ಕೆಡುವುದಿಲ್ಲ. ಇಮೇಲ್ ಅಥವಾ ಹಣ ಮರುಪಾವತಿಯಂತಹ, ಒಮ್ಮೆ ಹೊರಗೆ ಹೋದರೆ ಹಿಂದಕ್ಕೆ ಬಾರದ ಕೆಲಸಗಳಿಗೆ, ಸಂದೇಶದ ಗುರುತಿನ ಸಂಖ್ಯೆಯನ್ನು ದಾಖಲಿಸಿಟ್ಟು, ಈಗಾಗಲೇ ಮಾಡಿದ್ದೇ ಎಂದು ಪರೀಕ್ಷಿಸಿದ ಮೇಲೆಯೇ ಮುಂದುವರಿಯಬೇಕು.

ಹಿಂದುಮುಂದಾಗುವ ಸಂದೇಶಗಳೂ ಅಷ್ಟೇ ಸಾಮಾನ್ಯ. ಹಣ ಪಾವತಿಯ ಸೇವೆಯಾದ ಸ್ಟ್ರೈಪ್, ಘಟನೆಗಳು ನಡೆದ ಕ್ರಮದಲ್ಲೇ ತಲುಪುತ್ತವೆಂಬ ಭರವಸೆ ಇಲ್ಲವೆಂದು ತನ್ನ ಕೈಪಿಡಿಯಲ್ಲೇ ಹೇಳುತ್ತದೆ. ನೋಂದಣಿ ರದ್ದಾಯಿತೆಂಬ ಸುದ್ದಿ ಮೊದಲು ಬಂದು, ನೋಂದಣಿಯಾಯಿತೆಂಬ ಸುದ್ದಿ ಆಮೇಲೆ ಬಂದರೆ, ಎಚ್ಚರವಿಲ್ಲದ ವ್ಯವಸ್ಥೆ ರದ್ದಾದವರಿಗೆ ಬ್ಯಾಡ್ಜ್ ಮುದ್ರಿಸಿ ಇಡುತ್ತದೆ. ದಾಖಲೆ ಕೊನೆಯ ಸಲ ಬದಲಾದ ಸಮಯವನ್ನು ಹೋಲಿಸಿ ಹಳೆಯದನ್ನು ತಳ್ಳಿಹಾಕುವುದು ಒಂದು ಉಪಾಯ. ಆಗಲೇ ಹೇಳಿದಂತೆ ಯಜಮಾನ ತಂತ್ರಾಂಶದಿಂದ ಈಗಿನ ಸ್ಥಿತಿಯನ್ನೇ ತಂದು ನೋಡುವುದು ಇನ್ನೂ ಒಳ್ಳೆಯ ಉಪಾಯ. ಸಮಯವನ್ನು ಹೋಲಿಸುವುದಾದರೆ, ಎಲ್ಲ ತಂತ್ರಾಂಶಗಳೂ ಅದನ್ನು ದಿನಾಂಕ ಮತ್ತು ಸಮಯ ಬರೆಯುವ ಕ್ರಮವನ್ನು ಗೊತ್ತುಮಾಡುವ ಐಎಸ್‌ಒ 8601 ಮಾನಕದಂತೆ, ಕಾಲವಲಯದ ಗುರುತಿನೊಡನೆ ಬರೆಯಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಬಾರದೇ ಹೋದ ಸಂದೇಶವೇ ಎಲ್ಲಕ್ಕಿಂತ ತೊಡಕಿನದು, ಏಕೆಂದರೆ ಅದು ಯಾವ ಸದ್ದನ್ನೂ ಮಾಡುವುದಿಲ್ಲ. ಒಂದೊಂದು ಸೇವೆಯ ನೀತಿ ಒಂದೊಂದು ಬಗೆ. ಸ್ಟ್ರೈಪ್ ತಲುಪದ ಸಂದೇಶವನ್ನು ಅಂತರ ಹೆಚ್ಚಿಸುತ್ತ ಹೆಚ್ಚಿಸುತ್ತ 3 ದಿನಗಳವರೆಗೆ ಮತ್ತೆ ಕಳುಹಿಸಲು ನೋಡುತ್ತದೆ. ಗಿಟ್‌ಹಬ್ ತಾನಾಗಿ ಮತ್ತೆ ಕಳುಹಿಸುವುದೇ ಇಲ್ಲ. ನೀವು ಆರಿಸಿಕೊಂಡ ಕಾರ್ಯಕ್ರಮ ತಂತ್ರಾಂಶ ಇವೆರಡರ ನಡುವೆ ಎಲ್ಲಿದೆ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿ ತಿಳಿಯಬೇಕು. ಅವರು ಏನೇ ಹೇಳಲಿ, ದಿನಕ್ಕೊಮ್ಮೆಯಾದರೂ, ಕಾರ್ಯಕ್ರಮ ಹತ್ತಿರವಾದಾಗ ಗಂಟೆಗೊಮ್ಮೆ, ಎರಡೂ ಕಡೆಯ ಪಟ್ಟಿಗಳನ್ನು ಪೂರ್ತಿಯಾಗಿ ತಾಳೆ ನೋಡಿ ವ್ಯತ್ಯಾಸವನ್ನು ಸರಿಪಡಿಸುವ ಕೆಲಸವೊಂದು ಹಿನ್ನೆಲೆಯಲ್ಲಿ ನಡೆಯಲೇಬೇಕು. ಅಂಗಡಿಯವರು ಹೊತ್ತು ಮುಳುಗಿದ ಮೇಲೆ ಗಲ್ಲಾಪೆಟ್ಟಿಗೆಯನ್ನೂ ಲೆಕ್ಕದ ಪುಸ್ತಕವನ್ನೂ ಮುಂದಿಟ್ಟುಕೊಂಡು ಕೂರುವಂಥದೇ ಕೆಲಸ ಇದು. ಹಳೆಯ ಕಾಲದ ವಿಧಾನವೆಂದು ಇದನ್ನು ಬಿಟ್ಟುಬಿಡುವವರನ್ನು ಕಂಡಾಗ ನನಗೆ ಅಚ್ಚರಿಯಾಗುತ್ತದೆ. ಈ ತಾಳೆ ಇರುವುದರಿಂದಲೇ ವೆಬ್‌ಹುಕ್‌ಗಳನ್ನು ನಂಬಿ ನಿದ್ದೆ ಮಾಡಲು ಸಾಧ್ಯ.

ಸುರಕ್ಷತೆಯ ಮಾತನ್ನು ಮರೆಯುವಂತಿಲ್ಲ. ಸಂದೇಶ ಪಡೆಯುವ ವಿಳಾಸ ಅಂತರ್ಜಾಲಕ್ಕೆ ತೆರೆದಿರುವುದರಿಂದ, ಅದನ್ನು ಊಹಿಸಬಲ್ಲ ಯಾರಾದರೂ ಸುಳ್ಳು ನೋಂದಣಿ ಕಳುಹಿಸಬಹುದು. ಇದನ್ನು ತಡೆಯಲು ಕಳುಹಿಸುವವರು ಮತ್ತು ಪಡೆಯುವವರು ಒಂದು ಗುಟ್ಟಿನ ಕೀಲಿಯನ್ನು ಹಂಚಿಕೊಂಡು, ಸಂದೇಶಕ್ಕೆ ಎಚ್‌ಮ್ಯಾಕ್ ಎಂಬ ಬಗೆಯ ಸಹಿಯನ್ನು ಸೇರಿಸುತ್ತಾರೆ. ಈ ವಿಧಾನದ ವಿವರಣೆ 1997ರಲ್ಲೇ ಅಂತರ್ಜಾಲದ ತಾಂತ್ರಿಕ ಪತ್ರವಾಗಿ ಬಂದಿದೆ. ಇಲ್ಲಿ ಎಷ್ಟೋ ಮಂದಿ ಎಡವುವ ಜಾಗವೊಂದಿದೆ. ಸಹಿಯನ್ನು ಪರೀಕ್ಷಿಸಬೇಕಾದದ್ದು ಬಂದ ಪಠ್ಯವನ್ನು ಒಂದಕ್ಷರವೂ ಬದಲಿಸದೆ. ಅದನ್ನು ಬಿಡಿಸಿ ಮತ್ತೆ ಜೋಡಿಸಿದರೆ ಖಾಲಿ ಜಾಗವೋ ಅಂಶಗಳ ಕ್ರಮವೋ ಬದಲಾಗಿ, ನಿಜವಾದ ಸಂದೇಶವೂ ಸುಳ್ಳೆಂದು ತಿರಸ್ಕೃತವಾಗುತ್ತದೆ. ಸಹಿಯೊಳಗೆ ಸಮಯವೂ ಸೇರಿದ್ದರೆ, ಕೆಲವು ನಿಮಿಷಗಳಿಗಿಂತ ಹಳೆಯದನ್ನು ಒಪ್ಪದಿರುವುದರಿಂದ, ಕದ್ದ ಸಂದೇಶವನ್ನು ಆಮೇಲೆ ಮತ್ತೆ ಕಳುಹಿಸುವ ಆಟವೂ ನಿಲ್ಲುತ್ತದೆ. ಇದರ ಜೊತೆಗೆ, ಯಾವ ತಂತ್ರಾಂಶಕ್ಕೆ ಏನು ಬೇಕೋ ಅಷ್ಟೇ ಹೋಗಲಿ. ಬ್ಯಾಡ್ಜ್ ಮುದ್ರಿಸುವ ಯಂತ್ರಕ್ಕೆ ಫೋನ್ ಸಂಖ್ಯೆಯಾಗಲಿ, ವ್ಯಕ್ತಿಯ ಆರೋಗ್ಯದ ಅಗತ್ಯಗಳಾಗಲಿ ಬೇಕಿಲ್ಲ. ಒಬ್ಬರು ತಮ್ಮ ಮಾಹಿತಿಯನ್ನು ಅಳಿಸಿ ಎಂದು ಕೇಳಿದಾಗ, ಆ ಅಳಿಸುವಿಕೆಯೂ ನೋಂದಣಿಯಂತೆಯೇ ಎಲ್ಲ ತಂತ್ರಾಂಶಗಳಿಗೂ ಹರಿಯಬೇಕು. 2018ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ಮಾಹಿತಿ ರಕ್ಷಣಾ ನಿಯಮ ಈ ಹಕ್ಕನ್ನು ಜನರಿಗೆ ಕೊಟ್ಟಿದೆ.

ಕಾರ್ಯಕ್ರಮದ ದಿನ ಸಭಾಂಗಣದ ವೈಫೈ ಕೈಕೊಟ್ಟರೆ ಏನಾಗಬೇಕು? ಬಾಗಿಲಿನಲ್ಲಿರುವ ಪ್ರತಿ ಉಪಕರಣದೊಳಗೂ ಪಟ್ಟಿಯ ಪ್ರತಿಯೊಂದಿದ್ದು, ಸಂಪರ್ಕವಿಲ್ಲದೆಯೂ ಸ್ಕ್ಯಾನ್ ಮಾಡಿ ಒಳಗೆ ಬಿಟ್ಟು, ಸಂಪರ್ಕ ಮರಳಿದಾಗ ಆ ದಾಖಲೆಗಳನ್ನು ಕೇಂದ್ರಕ್ಕೆ ಸೇರಿಸುವಂತಿರಬೇಕು. ಒಂದೇ ಟಿಕೆಟ್ ಎರಡು ಬಾಗಿಲುಗಳಲ್ಲಿ ದಾಖಲಾಗಿದ್ದರೆ ಮೊದಲ ಸಮಯವನ್ನು ಉಳಿಸಿಕೊಂಡು, ಎರಡನೆಯದನ್ನು ಅಳಿಸದೆ ಮನುಷ್ಯರ ಪರಿಶೀಲನೆಗೆ ಎತ್ತಿಡಬೇಕು. ತಕ್ಷಣದ ವಿನಿಮಯ ಎಲ್ಲೆಡೆಯೂ ಬೇಕೆಂಬ ಹಟವೂ ಸಲ್ಲದು. ಬ್ಯಾಡ್ಜಿಗೆ ಸೆಕೆಂಡುಗಳು ಮುಖ್ಯ, ಲೆಕ್ಕಪತ್ರಕ್ಕೆ ರಾತ್ರಿಯೊಮ್ಮೆ ಹೋದರೂ ನಷ್ಟವಿಲ್ಲ.

ಜೋಡಣೆ ಸಿದ್ಧವಾದ ಮೇಲೆ ಅದರ ಮೇಲೆ ಕಣ್ಣಿಡುವುದು ಹೇಗೆ? ದೋಷ ಬಂದಾಗ ಎಚ್ಚರಿಸುವ ಗಂಟೆಯನ್ನು ಎಲ್ಲರೂ ಕಟ್ಟುತ್ತಾರೆ. ಒಂದು ಗಂಟೆಯಿಂದ ಯಾವ ಸಂದೇಶವೂ ಬಂದಿಲ್ಲ ಎಂದಾದರೆ, ಯಾರೂ ನೋಂದಾಯಿಸಿಲ್ಲವೋ ಸಂಪರ್ಕವೇ ಸತ್ತಿದೆಯೋ ಎಂಬುದು ಆ ಎಚ್ಚರಿಕೆಯ ಗಂಟೆಗೆ ತಿಳಿಯದು. ಸತತವಾಗಿ ವಿಫಲವಾದ ವಿಳಾಸವನ್ನು ಕೆಲವು ಸೇವೆಗಳು ತಾವಾಗಿಯೇ ಸ್ಥಗಿತಗೊಳಿಸುವುದೂ ಉಂಟು. ಆದ್ದರಿಂದ ನಿಗದಿತ ಅಂತರದಲ್ಲಿ ಪರೀಕ್ಷೆಯ ನೋಂದಣಿಯೊಂದನ್ನು ಕಳುಹಿಸಿ, ಅದು ಕೊನೆಯ ತಂತ್ರಾಂಶದವರೆಗೆ ಎಷ್ಟು ಹೊತ್ತಿನಲ್ಲಿ ತಲುಪಿತು ಎಂದು ಅಳೆಯುವುದು ಉತ್ತಮ. ಆ ಪರೀಕ್ಷಾ ವ್ಯಕ್ತಿಗೆ ಸ್ಪಷ್ಟವಾದ ಗುರುತಿರಲಿ. ಇಲ್ಲವಾದರೆ ಆತನ ಹೆಸರಿಗೂ ಆಸನವೊಂದು ಮೀಸಲಾಗಿ, ಬ್ಯಾಡ್ಜೊಂದು ಮುದ್ರಣವಾಗಿ ಕುಳಿತಿರುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿಗಳನ್ನು ಎತ್ತಿಡುವವರು ಇರುತ್ತಾರೆ, ಕೀಲಿಗಳನ್ನು ಹಿಂಪಡೆಯುವವರು ಇರುವುದಿಲ್ಲ. ಆ ಸಮ್ಮೇಳನಕ್ಕೆಂದು ಕೊಟ್ಟ ಎಪಿಐ ಕೀಲಿಗಳು, ವೆಬ್‌ಹುಕ್ ವಿಳಾಸಗಳು, ತಾತ್ಕಾಲಿಕ ಸಿಬ್ಬಂದಿಯ ಪ್ರವೇಶಾಧಿಕಾರಗಳು ತಿಂಗಳುಗಟ್ಟಲೆ ಜೀವಂತವಾಗಿ ಉಳಿದುಬಿಡುತ್ತವೆ. ತಡವಾಗಿ ಬರುವ ಮರುಪಾವತಿಗಳು ಮುಗಿಯುವಷ್ಟು ದಿನ ಬಿಟ್ಟು, ಕೊನೆಯ ತಾಳೆ ನೋಡಿ, ಅವುಗಳನ್ನು ಮುಚ್ಚುವ ದಿನಾಂಕವನ್ನೂ ಮುಚ್ಚಬೇಕಾದವರ ಹೆಸರನ್ನೂ ಜೋಡಣೆಯ ಯೋಜನೆಯಲ್ಲೇ ಮೊದಲಿನಿಂದ ಬರೆದಿಟ್ಟಿರಬೇಕು. ನಮಸ್ಕಾರ.