ಕವರ್ ಕರಗಲಿಲ್ಲ, ಷೇರು ಕರಗಿತು

ಇದನ್ನು ನೋಡಿ. ಕ್ಯಾಮೆರಾ ಹತ್ತಿರ ಹಿಡಿಯುತ್ತೇನೆ. ಮಣ್ಣು ಮೆತ್ತಿಕೊಂಡಿದೆ, ಒಂದು ಮೂಲೆ ಹರಿದಿದೆ. ಆದರೆ ‘ಕಾಂಪೋಸ್ಟಬಲ್’ ಅನ್ನುವ ಅಕ್ಷರ, ಕೆಳಗಿನ ಸರ್ಟಿಫಿಕೇಟ್ ನಂಬರ್ ಎರಡನ್ನೂ ಈಗಲೂ ಓದಬಹುದು. ತರಕಾರಿ ತಂದಿದ್ದ ಕವರ್ ಇದು. ನಾಲ್ಕು ತಿಂಗಳ ಹಿಂದೆ ಟೆರೇಸಿನ ಕಾಂಪೋಸ್ಟ್ ಮಡಕೆಗೆ ಹಾಕಿದ್ದೆ. ಅದರ ಜೊತೆ ಹಾಕಿದ ಬಾಳೆಹಣ್ಣಿನ ಸಿಪ್ಪೆ ಆಗಲೇ ಗೊಬ್ಬರವಾಗಿ ಗುಲಾಬಿ ಗಿಡದ ಬುಡ ಸೇರಿದೆ.

ಕವರ್ ಮಾಡಿದವರು ಮೋಸ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಇಂಥ ಕವರನ್ನು ಪರೀಕ್ಷೆ ಮಾಡುವುದು ಸುಮಾರು 58 ಡಿಗ್ರಿ ಬಿಸಿಯಲ್ಲಿ, ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಇರುವ ಹಾಗೆ. ನನ್ನ ಮಡಕೆಗೆ ಅಷ್ಟು ಕಾವು ಎಲ್ಲಿಂದ ಬರಬೇಕು?

ಹೋದ ವಾರ ಗೆಳೆಯನೊಬ್ಬ ಫೋನ್ ಮಾಡಿದ. “ಗುರು, ಎಲ್ಲ ಕಡೆ ಪ್ಲಾಸ್ಟಿಕ್ ಬ್ಯಾನ್ ಆಗ್ತಿದೆ. ಈಗ ಬಯೋಪ್ಲಾಸ್ಟಿಕ್ ಷೇರು ತಗೊಂಡ್ರೆ ಹತ್ತು ವರ್ಷಕ್ಕೆ ಲೈಫ್ ಸೆಟಲ್ ಅಲ್ವಾ?” ಬಯೋಪ್ಲಾಸ್ಟಿಕ್ ಅಂದರೆ ಗಿಡಮೂಲದ ಪದಾರ್ಥದಿಂದ ಮಾಡುವ ಪ್ಲಾಸ್ಟಿಕ್. ನಾನು ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿತ ಸಲಹೆಗಾರ ಅಲ್ಲ. ಅವನಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ.

ಅಮೆರಿಕದ ಜಾರ್ಜಿಯಾದಲ್ಲಿ ಡ್ಯಾನಿಮರ್ ಸೈಂಟಿಫಿಕ್ ಅಂತ ಒಂದು ಕಂಪನಿ ಇತ್ತು. ಬ್ಯಾಕ್ಟೀರಿಯಾಗೆ ಕನೋಲಾ ಎಣ್ಣೆ ತಿನ್ನಿಸಿ ಬೆಳೆಸುವುದು ಅದರ ಕೆಲಸ. ನಮ್ಮ ಮೈಯಲ್ಲಿ ಕೊಬ್ಬು ಸೇರುವ ಹಾಗೆ ಅವುಗಳ ಒಳಗೆ ಪಿಎಚ್‌ಎ ಅನ್ನುವ ಪದಾರ್ಥ ಸೇರುತ್ತದೆ. ಅದನ್ನು ತೆಗೆದು ಸ್ಟ್ರಾ, ಕಪ್, ಕವರ್ ಮಾಡಬಹುದು. ಇದು ಮಣ್ಣಿನಲ್ಲೂ ಸಮುದ್ರದಲ್ಲೂ ಕೊಳೆಯುತ್ತದೆ. ವಿಜ್ಞಾನ ನಿಜಕ್ಕೂ ಸೊಗಸಾದದ್ದು, ಅದರಲ್ಲಿ ಎರಡು ಮಾತಿಲ್ಲ.

2020ರ ಡಿಸೆಂಬರ್ ಕೊನೆಗೆ ಈ ಕಂಪನಿ ಸ್ಪ್ಯಾಕ್ ದಾರಿಯಲ್ಲಿ ಷೇರುಪೇಟೆಗೆ ಬಂತು. ಸ್ಪ್ಯಾಕ್ ಅಂದರೆ ಮೊದಲೇ ದುಡ್ಡು ಎತ್ತಿಟ್ಟುಕೊಂಡ ಖಾಲಿ ಕಂಪನಿ. ಅದರ ಜೊತೆ ವಿಲೀನವಾದರೆ ಮಾಮೂಲಿ ಐಪಿಒ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರುವ ಗೋಜಿಲ್ಲದೆ ಒಳಗೆ ಬರಬಹುದು. ಆ ಸ್ಪ್ಯಾಕ್ ಷೇರಿನ ಮೂಲ ಬೆಲೆ 10 ಡಾಲರ್. 2021ರ ಫೆಬ್ರವರಿಗೆ ಅದೇ ಷೇರು 60 ಡಾಲರ್ ದಾಟಿತು. ಮಾರ್ಚ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ವರದಿ ಬಂತು: ಕರಗುವ ವೇಗದ ಬಗ್ಗೆ ಕಂಪನಿ ಹೇಳುತ್ತಿರುವುದು ಸ್ವಲ್ಪ ಜಾಸ್ತಿಯಾಯಿತು ಅಂತ ಕೆಲವು ವಿಜ್ಞಾನಿಗಳ ಅಭಿಪ್ರಾಯ. ಅಲ್ಲಿಂದ ಷೇರು ಇಳಿಯಿತು.

ಆದರೆ ಕಂಪನಿಯನ್ನು ಮುಳುಗಿಸಿದ್ದು ಆ ವರದಿ ಅಂತ ನನಗೆ ಅನ್ನಿಸುವುದಿಲ್ಲ. ಬೇಡಿಕೆ ಬಂದೇ ಬರುತ್ತದೆ ಅಂತ ಕಾರ್ಖಾನೆ ದೊಡ್ಡದು ಮಾಡಿದರು. 2021ರಲ್ಲೇ 24 ಕೋಟಿ ಡಾಲರ್ ಸಾಲಪತ್ರ ಹೊರಡಿಸಿದರು. ಬೇಡಿಕೆ ನಿಧಾನಕ್ಕೆ ಬಂತು, ಬಡ್ಡಿ ಹೇಳಿದ ದಿನಕ್ಕೇ ಬಂತು. 2024ರ ನವೆಂಬರ್‌ನಲ್ಲಿ 40 ಷೇರು ಕೂಡಿಸಿ 1 ಮಾಡಿದರು. ಷೇರಿನ ಬೆಲೆ ತೀರಾ ಚಿಲ್ಲರೆಯಾದಾಗ ಷೇರುಪೇಟೆಯ ಪಟ್ಟಿಯಿಂದ ಹೊರಬೀಳದಿರಲು ಕಂಪನಿಗಳು ಮಾಡುವ ಕಸರತ್ತು ಇದು. 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿದರು. ದಿವಾಳಿಯಾದಾಗ ಸಾಲ ಕೊಟ್ಟವರು ಮೊದಲ ಪಂಕ್ತಿ, ಷೇರುದಾರರು ಕೊನೆಯ ಪಂಕ್ತಿ. ಅಷ್ಟೊತ್ತಿಗೆ ಸಾಮಾನ್ಯವಾಗಿ ಪಾತ್ರೆ ಖಾಲಿ.

ಇದು ಮೊದಲ ಸಲವೂ ಅಲ್ಲ. ಮೆಟಾಬಾಲಿಕ್ಸ್ ಅನ್ನುವ ಇನ್ನೊಂದು ಪಿಎಚ್‌ಎ ಕಂಪನಿ, ಧಾನ್ಯ ಸಂಸ್ಕರಣೆಯ ದೈತ್ಯ ಕಂಪನಿ ಎಡಿಎಂ ಜೊತೆ ಸೇರಿ ಅಮೆರಿಕದ ಅಯೋವಾದಲ್ಲಿ ಕಾರ್ಖಾನೆ ಕಟ್ಟಿತ್ತು. 2012ರಲ್ಲಿ ಎಡಿಎಂ ಕೈ ಬಿಟ್ಟಿತು. ಖರ್ಚು ಎಷ್ಟಾಗುತ್ತದೋ, ಮಾರುಕಟ್ಟೆ ಯಾವಾಗ ಬೆಳೆಯುತ್ತದೋ ಗೊತ್ತಿಲ್ಲ ಅಂತ ಕಾರಣ ಕೊಟ್ಟಿತು.

ಈ ಇಡೀ ಲೆಕ್ಕ ನನಗೆ ಅರ್ಥವಾಗಿದ್ದು ನಮ್ಮ ಬೀದಿ ಕೊನೆಯಲ್ಲಿ ಕೂರುವ ಹೂವಿನ ಅಜ್ಜಿಯಿಂದ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧವಾಗಿದ್ದು 2016ರಲ್ಲಿ. ಅಜ್ಜಿಯ ಬುಟ್ಟಿ ಅಡಿಯಲ್ಲಿ ಇವತ್ತಿಗೂ ತೆಳು ಕವರಿನ ಕಟ್ಟು ಇದೆ. “ಆ ಕರಗೋ ಕವರ್ ತಗೋಬಾರ್ದಾ ಅಜ್ಜಿ?” ಅಂದೆ. “ಅದ್ರಲ್ಲಿ ಹಾಕ್ಕೊಟ್ರೆ ಮೊಳ ಹೂವಲ್ಲಿ ನಂಗೇನು ಉಳಿಯುತ್ತಪ್ಪಾ?” ಅಂದರು.

ಹಾಗಾಗಿ ಈ ಷೇರುಗಳ ಬಗ್ಗೆ ಯಾರಾದರೂ ಕೇಳಿದರೆ ನನ್ನ ಪ್ರಶ್ನೆ ಒಂದೇ: ಜಾಸ್ತಿ ದುಡ್ಡು ಯಾರು ಕೊಡುತ್ತಾರೆ? ಕಾನೂನು ಕಾಗದದ ಮೇಲಿದ್ದರೆ ಸಾಲದು, ಇನ್‌ಸ್ಪೆಕ್ಟರ್ ಅಂಗಡಿಗೆ ಬರಬೇಕು. ವಿಡಿಯೋದಲ್ಲಿ ಸ್ಟ್ರಾ ನೀರಿನಲ್ಲಿ ಕರಗುವುದನ್ನು ತೋರಿಸುತ್ತಾರಲ್ಲ, ಅದನ್ನು ಬಿಡಿ. ಖರೀದಿ ಒಪ್ಪಂದ ಇದೆಯಾ, ಸಾಲ ಎಷ್ಟು, ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳಿಗೆ ಬರುತ್ತದೆ, ಅದನ್ನು ನೋಡಿ.

ನಮ್ಮ ದೇಶದಲ್ಲಿ ಜನ ಹೆಚ್ಚು ಕೇಳುವುದು ಬಲರಾಂಪುರ ಚೀನಿ ಮಿಲ್ಸ್ ಬಗ್ಗೆ. ಉತ್ತರ ಪ್ರದೇಶದ ಕುಂಭಿಯಲ್ಲಿ, ಕಬ್ಬಿನ ಸಕ್ಕರೆಯಿಂದ ಪಿಎಲ್‌ಎ ಅನ್ನುವ ಇನ್ನೊಂದು ಬಗೆಯ ಬಯೋಪ್ಲಾಸ್ಟಿಕ್ ಮಾಡುವ ಘಟಕವನ್ನು 2024ರಲ್ಲಿ ಘೋಷಿಸಿದರು. ಆಗ ಹೇಳಿದ ಖರ್ಚು 2,000 ಕೋಟಿ, ಆಮೇಲೆ ಅದು 2,850 ಕೋಟಿಗೆ ಏರಿತು. ಆದರೂ ಡ್ಯಾನಿಮರ್‌ಗಿಂತ ಇದು ಬೇರೆ ಥರ. ಸಕ್ಕರೆ, ಎಥೆನಾಲ್ ಎರಡೂ ಮನೆ ನಡೆಸುತ್ತವೆ, ಪ್ಲಾಸ್ಟಿಕ್ ಕೈಕೊಟ್ಟರೂ ಒಲೆ ಆರುವುದಿಲ್ಲ. ಆದರೆ ನೀವು ಕೊಳ್ಳುತ್ತಿರುವುದು ಮುಖ್ಯವಾಗಿ ಸಕ್ಕರೆ ಷೇರು ಅನ್ನುವುದು ನೆನಪಿರಲಿ. ಕಬ್ಬಿನ ದರ, ಎಥೆನಾಲ್ ನೀತಿ, ಮಳೆ ಎಲ್ಲವೂ ಜೊತೆಗೇ ಬರುತ್ತವೆ. ಮಂಡ್ಯ, ಬೆಳಗಾವಿ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾ?

ನಾನಂತೂ ಬರೀ ಬಯೋಪ್ಲಾಸ್ಟಿಕ್ ಮಾಡುವ, ಇನ್ನೂ ಲಾಭ ಕಾಣದ ಕಂಪನಿಯ ಷೇರು ಸದ್ಯಕ್ಕೆ ಕೊಳ್ಳುವುದಿಲ್ಲ. ಗೆಳೆಯ ಕೊಂಡನೋ ಇಲ್ಲವೋ, ಬಾಯಿ ಬಿಟ್ಟಿಲ್ಲ. ಕವರನ್ನು ಮತ್ತೆ ಮಡಕೆಗೆ ಹಾಕುತ್ತಿದ್ದೇನೆ. ದೀಪಾವಳಿ ಹೊತ್ತಿಗೆ ತೆಗೆದು ತೋರಿಸುತ್ತೇನೆ.