ಭಾನುವಾರದ ಪೂಜೆಗೆ ಖಾಲಿ ಹೊಟ್ಟೆಯಲ್ಲೇ ಯಾಕೆ ಹೋಗುತ್ತಿದ್ದರು?

[ದೃಶ್ಯ: ಇನ್ನೂ ಬೆಳಕು ಹರಿದಿಲ್ಲ. ಚರ್ಚಿನ ಗಂಟೆ ಸದ್ದು.]

ನಮಸ್ಕಾರ. ವಯಸ್ಸಾದ ಕ್ಯಾಥೊಲಿಕರು ಯಾರಾದರೂ ಪರಿಚಯ ಇದ್ದರೆ ಒಂದು ಪ್ರಶ್ನೆ ಕೇಳಿ ನೋಡಿ. "ನೀವು ಚಿಕ್ಕವರಿದ್ದಾಗ ಪೂಜೆಗೆ ಮುಂಚೆ ಏನು ತಿನ್ನುತ್ತಿದ್ರಿ?" ಏನೂ ಇಲ್ಲ ಅಂತಾರೆ. ತುಂಬಾ ಹಿರಿಯರಾದರೆ, ನೀರೂ ಇಲ್ಲ ಅಂತಾರೆ.

ಪರಮಪ್ರಸಾದ ಅಂದರೆ ಪೂಜೆಯಲ್ಲಿ ಯೇಸುವಿನ ದೇಹವೆಂದು ನಂಬಿ ತಿನ್ನುವ ಪವಿತ್ರ ರೊಟ್ಟಿ. ಅದನ್ನು ತೆಗೆದುಕೊಳ್ಳುವವರು ಹಿಂದಿನ ರಾತ್ರಿ 12 ಗಂಟೆಯಿಂದ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಕಾಯಿಲೆಯವರಿಗೆ ಒಂದಿಷ್ಟು ವಿನಾಯಿತಿ ಇತ್ತು, ಅಷ್ಟೇ. 1910ರಲ್ಲಿ ಹತ್ತನೇ ಪಯಸ್ ಪೋಪರು ಏಳು ವರ್ಷದ ಆಸುಪಾಸಿನ ಮಕ್ಕಳೂ ಪರಮಪ್ರಸಾದ ತೆಗೆದುಕೊಳ್ಳಬಹುದು ಅಂದರು. ಅಲ್ಲಿಗೆ ಮಕ್ಕಳಿಗೂ ಉಪವಾಸ ಬಂತು. ಗುರುಗಳಿಗೂ ಬಿಡುವಿಲ್ಲ. ಒಂದೇ ದಿನ ಎರಡು ಕಡೆ ಪೂಜೆ ಇದ್ದರೆ, ಎರಡನೆಯದು ಮುಗಿಯುವ ತನಕ ಗಂಟಲು ಒಣಗಿಸಿಕೊಂಡೇ ಇರಬೇಕು.

ಇಡೀ ಚರ್ಚಿನ ವೇಳಾಪಟ್ಟಿ ಈ ಹಸಿವಿನ ಸುತ್ತ ತಿರುಗುತ್ತಿತ್ತು. ಸಂಜೆ ಪೂಜೆ ಅನ್ನುವುದೇ ಇರಲಿಲ್ಲ. ಮಧ್ಯಾಹ್ನ 1 ಗಂಟೆಯ ನಂತರ ಪೂಜೆ ಶುರು ಮಾಡಬಾರದು ಅಂತ 1917ರ ಚರ್ಚ್ ಕಾನೂನಿನಲ್ಲೇ ಇತ್ತು. ಹಾಗಾಗಿ ಎಷ್ಟೋ ಚರ್ಚುಗಳಲ್ಲಿ ಭಾನುವಾರ ಎರಡು ಗುಂಪು. ಪರಮಪ್ರಸಾದ ಬೇಕಾದವರು ನಸುಕಿನ ಚಿಕ್ಕ ಪೂಜೆಗೆ ಬಂದು, ಮನೆಗೆ ಓಡಿ ತಿಂಡಿ ತಿನ್ನುತ್ತಿದ್ದರು. ಹಾಡು, ಧೂಪ, ದೊಡ್ಡ ಪ್ರವಚನ ಎಲ್ಲ ತಡವಾದ ಪೂಜೆಗೆ. ಅದಕ್ಕೆ ಬಂದವರಲ್ಲಿ ಹೆಚ್ಚಿನವರು ಆಗಲೇ ತಿಂದು ಬಂದವರು. ಪರಮಪ್ರಸಾದದ ಹೊತ್ತಿಗೆ ಕೂತಲ್ಲೇ ಇರುತ್ತಿದ್ದರು.

[ದೃಶ್ಯ: ಬಲಿಪೀಠದ ಕಡೆ ಮುಖ ಮಾಡಿ ನಿಂತ ಗುರುಗಳ ಬೆನ್ನು.]

ಹಾಗಾದರೆ ಅಷ್ಟು ಹೊತ್ತು ಏನು ಮಾಡುತ್ತಿದ್ದರು? ಪೂಜೆ ಲ್ಯಾಟಿನ್‌ನಲ್ಲಿ. ಮುಖ್ಯ ಪ್ರಾರ್ಥನೆ ಪಿಸುದನಿಯಲ್ಲಿ. ಕೆಲವರ ಕೈಯಲ್ಲಿ ಪುಸ್ತಕ, ಹೆಚ್ಚಿನವರ ಕೈಯಲ್ಲಿ ಜಪಸರ. ಆಗ ಚಿಕ್ಕ ಗಂಟೆ ಬಾರಿಸುತ್ತಿತ್ತು. ಎಲ್ಲರೂ ತಲೆ ಎತ್ತುತ್ತಿದ್ದರು. ಗುರುಗಳು ರೊಟ್ಟಿಯನ್ನು ಮೇಲೆತ್ತಿ ತೋರಿಸುವ ಆ ಒಂದೆರಡು ಕ್ಷಣವೇ ಅವರ ಪಾಲಿನ ಪೂಜೆ. ನನಗೆ ಇದು ತುಂಬಾ ಇಷ್ಟದ ವಿವರ: ತಿನ್ನಲಾಗದವರು ಕಣ್ಣಲ್ಲಿ ತೆಗೆದುಕೊಳ್ಳುತ್ತಿದ್ದರು.

ಗುರುಗಳ ಲ್ಯಾಟಿನ್ ಪ್ರಾರ್ಥನೆಗೆ ಜನರ ಪರವಾಗಿ ಉತ್ತರ ಹೇಳುವ ಕೆಲಸ ಪೂಜೆಗೆ ಸಹಾಯ ಮಾಡುವ ಹುಡುಗರದು. "ಆದ್ ದೇಉಮ್ ಕ್ವೀ ಲೆತಿಫಿಕಾತ್ ಯುವೆನ್ತೂತೆಮ್ ಮೆಆಮ್." ನನ್ನ ಯೌವನಕ್ಕೆ ಆನಂದ ಕೊಡುವ ದೇವರ ಬಳಿಗೆ, ಅಂತ ಅರ್ಥ. ಹೇಳುತ್ತಿದ್ದವನಿಗೆ ಎಂಟೋ ಒಂಬತ್ತೋ ವರ್ಷ. ಅರ್ಥ ಗೊತ್ತಿಲ್ಲ, ಆದರೆ ಸುಮ್ನೆ ಎಬ್ಬಿಸಿ ಕೇಳಿದರೂ ಬಾಯಿಪಾಠ!

ಶನಿವಾರ ಸಂಜೆ ಇನ್ನೊಂದು ದೃಶ್ಯ. ಪಾಪನಿವೇದನೆಯ ಪೆಟ್ಟಿಗೆ, ಅಂದರೆ ಗುರುಗಳ ಬಳಿ ಗುಟ್ಟಾಗಿ ತಪ್ಪು ಒಪ್ಪಿಕೊಳ್ಳುವ ಚಿಕ್ಕ ಮರದ ಗೂಡು, ಅದರ ಮುಂದೆ ಉದ್ದ ಸಾಲು. ಭಾನುವಾರ ಪರಮಪ್ರಸಾದ ಬೇಕು ಅಂದರೆ ಮುಂಚಿನ ದಿನ ಪಾಪನಿವೇದನೆ ಮಾಡುವುದು ಬಹಳ ಜನರಿಗೆ ರೂಢಿ.

ಮೊದಲು ಸಡಿಲವಾದದ್ದು ಹೊಟ್ಟೆಯ ನಿಯಮ. 1953ರಲ್ಲಿ ಹನ್ನೆರಡನೇ ಪಯಸ್ ಪೋಪರು ನೀರು ಕುಡಿಯಬಹುದು ಅಂದರು. ಕೆಲವು ಸಂದರ್ಭಗಳಲ್ಲಿ ಸಂಜೆ ಪೂಜೆಗೂ ದಾರಿ ಬಿಟ್ಟರು. 1957ರಲ್ಲಿ ಊಟ ಬಿಡುವ ಅವಧಿ 3 ಗಂಟೆಗೆ ಇಳಿಯಿತು. 1964ರಲ್ಲಿ 1 ಗಂಟೆಗೆ.

ಭಾಷೆ ಬದಲಾದದ್ದು ಆಮೇಲೆ. 1965ರ ಮಾರ್ಚ್ 7ರಂದು ಆರನೇ ಪೌಲ್ ಪೋಪರು ರೋಮ್‌ನ ಒಂದು ಚರ್ಚಿನಲ್ಲಿ ಇಟಾಲಿಯನ್ ಭಾಷೆಯಲ್ಲಿ ಪೂಜೆ ಮಾಡಿದರು. 1969ರ ನವೆಂಬರ್ 30ರಿಂದ ಹೊಸ ಪೂಜಾವಿಧಿ ಶುರುವಾಯಿತು. ಇಲ್ಲೊಂದು ತಪ್ಪು ಕಲ್ಪನೆ ಇದೆ. 1962ರಿಂದ 1965ರವರೆಗೆ ಜಗತ್ತಿನ ಕ್ಯಾಥೊಲಿಕ್ ಬಿಷಪರು ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಸಭೆಯೇ ಗುರುಗಳನ್ನು ಜನರ ಕಡೆ ತಿರುಗಿಸಿತು ಅಂತಾರೆ, ಅಲ್ವಾ? ಪೂಜೆಯ ಬಗ್ಗೆ ಆ ಸಭೆ 1963ರಲ್ಲಿ ಕೊಟ್ಟ ದಾಖಲೆಯಲ್ಲಿ ಆ ಮಾತೇ ಇಲ್ಲ. ಲ್ಯಾಟಿನ್ ಉಳಿಯಬೇಕು ಅಂತಲೇ ಅದರಲ್ಲಿದೆ. ತಾಯ್ನುಡಿಗೂ ಜಾಗ ಕೊಡಿ ಅಂದಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಆ ಜಾಗ ಇಡೀ ಪೂಜೆಯನ್ನೇ ತುಂಬಿತು.

[ದೃಶ್ಯ: ಇಂದಿನ ಭಾನುವಾರ. ಪರಮಪ್ರಸಾದದ ಸಾಲು.]

ಈಗ ನೋಡಿ. ಪರಮಪ್ರಸಾದಕ್ಕೆ ಇಡೀ ಚರ್ಚೇ ಎದ್ದು ನಿಲ್ಲುತ್ತದೆ. ಬಹಳ ಕಡೆ ಶನಿವಾರದ ಪಾಪನಿವೇದನೆ ಪೆಟ್ಟಿಗೆ ಮುಂದೆ ನಾಲ್ಕೈದು ಜನ. ಉಪವಾಸ ಇನ್ನೂ ಇದೆ, 1 ಗಂಟೆಯದು. ಅದನ್ನು ಲೆಕ್ಕ ಹಾಕುವುದು ಪರಮಪ್ರಸಾದದ ಹೊತ್ತಿನಿಂದ ಹಿಂದಕ್ಕೆ. ಪ್ರವಚನ ಸ್ವಲ್ಪ ಉದ್ದವಾದರೆ, ಚರ್ಚಿನ ಗೇಟಿನ ಹತ್ತಿರ ತಿಂದ ಬಿಸ್ಕತ್ತು ಕೂಡ ಲೆಕ್ಕದಿಂದ ಪಾರು.