ರಿಮ್ ಬ್ರೇಕೋ, ಡಿಸ್ಕ್ ಬ್ರೇಕೋ? ಮೊದಲು ರಿಮ್ ಯಾವುದೆಂದು ಕೇಳಿ

ಕೇಳುಗರಿಗೆ ನಮಸ್ಕಾರ.

ಸೈಕಲ್ ಅಂಗಡಿಗೆ ಹೋದ ಮಕ್ಕಳ ಕಣ್ಣು ಈಗ ಮೊದಲು ಹೋಗುವುದು ಚಕ್ರದ ನಡುವೆ ಹೊಳೆಯುವ ತೂತು ತೂತಿನ ತಟ್ಟೆಯ ಮೇಲೆ. ಡಿಸ್ಕ್ ಇದ್ದರೆ ಒಳ್ಳೇ ಸೈಕಲ್, ಇಲ್ಲದಿದ್ದರೆ ಹಳೇ ಕಾಲದ್ದು. ಜೊತೆಗೆ ಬಂದ ಹಿರಿಯರು ಬೆಲೆ ಕೇಳಿ, ಡಿಸ್ಕ್ ಇಲ್ಲದ್ದನ್ನು ತೋರಿಸಿ ಅನ್ನುತ್ತಾರೆ. ಇಬ್ಬರೂ ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಈ ಸೈಕಲ್ಲಿನ ರಿಮ್ ಯಾವ ಲೋಹದ್ದು? ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಗೆ ಬ್ರೇಕಿನ ವಿಚಾರ ಶುರುವಾಗಬೇಕಾದದ್ದು ಅಲ್ಲಿಂದ.

ರಿಮ್ ಬ್ರೇಕ್ ಅಂದರೆ ಚಕ್ರದ ಅಂಚಿನ ಬಳೆಯನ್ನೇ ರಬ್ಬರ್ ತುಂಡುಗಳು ಒತ್ತಿ ಹಿಡಿದು ನಿಲ್ಲಿಸುವ ಏರ್ಪಾಡು. ಹಳೇ ಕರಿ ಸೈಕಲ್ಲಿನ ರಾಡ್ ಬ್ರೇಕ್, ಎಂಟನೇ ತರಗತಿಯ ಮಕ್ಕಳಿಗೆ ಸರಕಾರ 2006-07ರಿಂದ ಕೊಡತೊಡಗಿದ ಸೈಕಲ್ಲಿನ ಬ್ರೇಕ್, ಬಾಗಿದ ಹ್ಯಾಂಡಲಿನ ಸೈಕಲ್ಲುಗಳ ಕ್ಯಾಲಿಪರ್, ಎರಡು ಉದ್ದ ತೋಳಿನ ವಿ-ಬ್ರೇಕ್, ಎಲ್ಲವೂ ಇದೇ ಜಾತಿ. ಇವುಗಳಲ್ಲಿ ವಿ-ಬ್ರೇಕ್ ಹೊಸದು. ಶಿಮಾನೊ ಕಂಪನಿ ಅದನ್ನು 1996ರಲ್ಲಿ ಮಾರುಕಟ್ಟೆಗೆ ತಂದಿತು. ಇವತ್ತಿಗೂ ರಿಮ್ ಬ್ರೇಕುಗಳಲ್ಲಿ ಬಲಕ್ಕೂ ರಿಪೇರಿಯ ಸುಲಭಕ್ಕೂ ಅದಕ್ಕೆ ಸಾಟಿ ಇಲ್ಲ.

ಆದರೆ ಅದು ಹಿಡಿಯುವ ರಿಮ್ ಕ್ರೋಮ್ ಬಳಿದ ಕಬ್ಬಿಣದ್ದಾದರೆ ಮಳೆಗಾಲದಲ್ಲಿ ಯಾವ ಬ್ರೇಕೂ ನಿಮ್ಮನ್ನು ಕಾಯುವುದಿಲ್ಲ. ಕ್ರೋಮ್ ಮೈ ನುಣುಪು. ಅದರ ಮೇಲೆ ನೀರಿನ ಪೊರೆ ಕೂತರೆ ರಬ್ಬರ್ ಜಾರುತ್ತದೆಯೇ ಹೊರತು ಕಚ್ಚುವುದಿಲ್ಲ. ಒಣ ರಸ್ತೆಯಲ್ಲಿ ಇದ್ದ ಹಿಡಿತದ ಸಣ್ಣ ಪಾಲು ಮಾತ್ರ ಉಳಿಯುತ್ತದೆ. ಅಲ್ಯುಮಿನಿಯಂ ರಿಮ್ ಹಾಗಲ್ಲ. ಅಲ್ಲಿ ಮೊದಲ ಒಂದೆರಡು ಸುತ್ತಿನಲ್ಲಿ ರಬ್ಬರ್ ನೀರನ್ನು ಒರೆಸಿ ಹಾಕುತ್ತದೆ, ಆಮೇಲೆ ಹಿಡಿಯುತ್ತದೆ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಮುಂದೆ ಹೋಗುತ್ತದೆ. ಅಂದರೆ ಬ್ರೇಕ್ ಒತ್ತಿದ ಮೇಲೂ ಮೂರ್ನಾಲ್ಕು ಮೀಟರ್ ಸೈಕಲ್ ಏನೂ ಕೇಳಿಸಿಕೊಳ್ಳದೆ ಓಡುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಐದೂವರೆ ಮೀಟರ್. ಆರ್ದ್ರಾ ಮಳೆಯಲ್ಲಿ ದನ ಅಡ್ಡ ಬಂದಾಗ ಈ ಲೆಕ್ಕ ಮನಸ್ಸಿನಲ್ಲಿರಲಿ. ಮಳೆಯಲ್ಲಿ ಹೋಗುವಾಗ ಆಗಾಗ ಬ್ರೇಕನ್ನು ಹಗುರವಾಗಿ ಒತ್ತಿ ರಿಮ್ ಒರೆಸಿಟ್ಟುಕೊಳ್ಳುವುದು ಒಳ್ಳೇ ಅಭ್ಯಾಸ.

ರಿಮ್ ಯಾವುದೆಂದು ತಿಳಿಯಲು ಅಂಗಡಿಯವರ ಮಾತು ಬೇಡ. ಒಂದು ಸಣ್ಣ ಅಯಸ್ಕಾಂತ ಕಿಸೆಯಲ್ಲಿಟ್ಟುಕೊಂಡು ಹೋಗಿ. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಅಲ್ಯುಮಿನಿಯಂ. ಮನೆಯಲ್ಲಿ ಆಗಲೇ ಕಬ್ಬಿಣದ ರಿಮ್ಮಿನ ಸೈಕಲ್ ಇದ್ದರೆ ಅದನ್ನು ಮಾರಬೇಕಾಗಿಲ್ಲ, ಮುಂದಿನ ಚಕ್ರದ ರಿಮ್ ಒಂದನ್ನೇ ಬದಲಿಸಿದರೂ ದೊಡ್ಡ ವ್ಯತ್ಯಾಸ ಕಾಣುತ್ತದೆ. ಹೊಸ ರಿಮ್ಮಿನಲ್ಲಿ ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನಲ್ಲಿರುವಷ್ಟೇ ಕಡ್ಡಿಯ ತೂತುಗಳಿರಬೇಕು, 36 ಇದ್ದರೆ 36, 32 ಇದ್ದರೆ 32. ಅಳತೆಯೂ ಅದೇ ಆಗಿರಬೇಕು. ಕಡ್ಡಿಗಳ ಉದ್ದ ಮಾತ್ರ ಬೇರೆಯಾಗಬಹುದು, ಹಳೇ ಕಡ್ಡಿಗಳನ್ನೇ ಹಾಕಿ ಎಂದು ಹಟ ಮಾಡಬೇಡಿ.

ಈಗ ಡಿಸ್ಕಿಗೆ ಬರೋಣ. ತಟ್ಟೆ ಇರುವುದು ಚಕ್ರದ ನಡುವೆ, ರಸ್ತೆಯ ನೀರು ಕೆಸರಿನಿಂದ ಮೇಲೆ. ತಟ್ಟೆಯನ್ನು ಒತ್ತಿ ಹಿಡಿಯುವ ಪ್ಯಾಡ್ ಅದರ ಮೈಗೆ ಕೂದಲೆಳೆ ದೂರದಲ್ಲಿ ನಿಂತಿರುತ್ತದೆ. ಹಾಗಾಗಿ ಮಳೆಯಲ್ಲಿ ಒತ್ತಿದ ಕೂಡಲೇ ಹಿಡಿತ ಬರುತ್ತದೆ. ಚಕ್ರ ಸ್ವಲ್ಪ ಸೊಟ್ಟಗಾದರೂ ಬ್ರೇಕಿಗೆ ಅದರ ಗೊಡವೆ ಇಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 26 ಇಂಚಿನ ಚಕ್ರದಲ್ಲಿ ರಿಮ್ ಬ್ರೇಕ್ ನಡುವಿನಿಂದ ಸುಮಾರು 275 ಮಿಲಿಮೀಟರ್ ದೂರದಲ್ಲಿ ಹಿಡಿಯುತ್ತದೆ. 160 ಮಿಲಿಮೀಟರ್ ಡಿಸ್ಕಿನಲ್ಲಿ ಆ ದೂರ 80ಕ್ಕಿಂತ ಕಡಿಮೆ. ಅದೇ ಚಕ್ರವನ್ನು ಅಷ್ಟೇ ಬೇಗ ನಿಲ್ಲಿಸಲು ಡಿಸ್ಕಿನ ಮೇಲೆ ಮೂರೂವರೆ ಪಟ್ಟು ಹೆಚ್ಚಿನ ಬಲ ಬೀಳಬೇಕು. ಆ ಬಲವನ್ನು ತಡೆಯುವಂತೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್, ಹಬ್, ಕಡ್ಡಿ ಎಲ್ಲವೂ ತಯಾರಾಗಿರಬೇಕು. ಇದಕ್ಕೇ ಹೇಳುವುದು, ರಿಮ್ ಬ್ರೇಕಿನ ಸೈಕಲ್ಲಿಗೆ ವೆಲ್ಡಿಂಗ್ ಮಾಡಿಸಿ ಡಿಸ್ಕ್ ಕೂರಿಸಬೇಡಿ. ಡಿಸ್ಕಿನ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಹಿಡಿದಿರುವ ಭಾಗ, ಕೂರುವ ಕಿವಿ ಬಿಗಿಯಾಗಿಯೇ ನಿಲ್ಲಬಹುದು, ಆದರೆ ಅದರ ಮೇಲಿನ ತೆಳು ಕೊಳವೆ ಬಾಗುತ್ತದೆ. ಬಾಗುವುದು ಜೋರಾಗಿ ಬ್ರೇಕ್ ಹಿಡಿದ ಹೊತ್ತಿಗೇ.

ಡಿಸ್ಕಿನಲ್ಲಿ ಎರಡು ಬಗೆ. ಒಂದು ಕೇಬಲ್ ಎಳೆಯುವ ಮೆಕ್ಯಾನಿಕಲ್, ಇನ್ನೊಂದು ಎಣ್ಣೆಯ ಒತ್ತಡದ ಹೈಡ್ರಾಲಿಕ್. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಬರುವುದೆಲ್ಲ ಬಹುತೇಕ ಮೆಕ್ಯಾನಿಕಲ್, ಅದರಲ್ಲೂ ಒಂದೇ ಪ್ಯಾಡ್ ಚಲಿಸುವಂಥದ್ದು. ಹೊರಗಿನ ಪ್ಯಾಡ್ ಬಂದು ತಟ್ಟೆಯನ್ನು ಒತ್ತಿ ಬಾಗಿಸಿ, ನಿಂತಲ್ಲೇ ಇರುವ ಒಳಗಿನ ಪ್ಯಾಡಿಗೆ ತಾಗಿಸುತ್ತದೆ. ಜನ ಬೈದುಕೊಳ್ಳುವ ಡಿಸ್ಕ್ ಬ್ರೇಕುಗಳಲ್ಲಿ ಹೆಚ್ಚಿನವು ಇವೇ. ದೋಷ ಬ್ರೇಕಿನದ್ದಕ್ಕಿಂತ ಹೊಂದಿಸುವವರದ್ದು. ಪ್ಯಾಡ್ ಸವೆದು ಲಿವರ್ ಸಡಿಲವಾದಾಗ ಎಲ್ಲರೂ ಮಾಡುವುದು ಕೇಬಲ್ ಬಿಗಿ ಮಾಡುವುದು. ಹೀಗೇ ನಾಲ್ಕು ಸಲ ಬಿಗಿ ಮಾಡಿದರೆ ಕ್ಯಾಲಿಪರಿನ ತೋಳು ತನ್ನ ಓಟದ ಕೊನೆಗೆ ಬಂದು ನಿಲ್ಲುತ್ತದೆ, ಎಷ್ಟು ಒತ್ತಿದರೂ ಬಲ ಇರುವುದಿಲ್ಲ.

ಸರಿಯಾದ ಕ್ರಮ ಬೇರೆ. ಮೊದಲು ಕೇಬಲ್ ಸಡಿಲಿಸಿ, ತೋಳನ್ನು ಅದರ ಮೂಲ ಜಾಗಕ್ಕೆ ಬಿಡಿ. ಕ್ಯಾಲಿಪರನ್ನು ಫ್ರೇಮಿಗೆ ಹಿಡಿದಿರುವ ಎರಡು ಬೋಲ್ಟುಗಳನ್ನು 5 ಮಿಲಿಮೀಟರಿನ ಅಲೆನ್ ಕೀಯಿಂದ ಸಡಿಲಿಸಿ, ತಟ್ಟೆ ನೇರವಾಗಿ ಸೀಳಿನ ನಡುವೆ ಬರುವಂತೆ ನೋಡಿ, ಮತ್ತೆ ಬಿಗಿಯಿರಿ. ಒಳಗಿನ ಪ್ಯಾಡಿಗೆ ಕಡ್ಡಿಗಳ ಕಡೆಯಿಂದ ಒಂದು ತಿರುಪು ಇರುತ್ತದೆ. ತಟ್ಟೆಗೂ ಪ್ಯಾಡಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಉಳಿಯುವವರೆಗೆ ಅದನ್ನು ತಿರುಗಿಸಿ. ಆಮೇಲೆ ಕೊನೆಯಲ್ಲಿ ಕೇಬಲ್ ಕಟ್ಟಿ. ಲಿವರ್ ಮೂರನೇ ಒಂದು ಭಾಗ ಬಂದಾಗ ಹಿಡಿತ ಶುರುವಾದರೆ ಸರಿ. ಮುಂದೆ ಪ್ಯಾಡ್ ಸವೆದಾಗಲೂ ಮೊದಲು ಒಳಗಿನ ತಿರುಪು, ಆಮೇಲೆ ಕೇಬಲ್.

ಕೇಬಲ್ಲಿನ ಮಾತು ಬಂತಲ್ಲ, ಕಾರವಾರದಿಂದ ಭಟ್ಕಳದವರೆಗೆ ಕಡಲಂಚಿನಲ್ಲಿರುವವರಿಗೆ ಇದೇ ಮುಖ್ಯ. ಉಪ್ಪು ಗಾಳಿ ಮೊದಲು ತಿನ್ನುವುದು ಬ್ರೇಕನ್ನಲ್ಲ, ಕೇಬಲ್ಲನ್ನು. ಕೇಬಲ್ಲಿನ ಹೊರಗಿನ ಕೊಳವೆ, ಅಂದರೆ ಔಟರ್ ಒಳಗೆ ತುಕ್ಕು ಕೂತು ಕೇಬಲ್ ಎಳೆದರೆ ವಾಪಸ್ಸು ಬರುವುದಿಲ್ಲ, ರಬ್ಬರ್ ರಿಮ್ಮಿಗೆ ಅಂಟಿಕೊಂಡೇ ಇರುತ್ತದೆ. ಪೆಡಲ್ ಭಾರವಾಯಿತೆಂದು ಜನ ಚೈನಿಗೆ ಎಣ್ಣೆ ಹಾಕುತ್ತಾರೆ! ಸಾದಾ ಕೇಬಲ್ಲಿನ ಬದಲು ಸ್ಟೇನ್‌ಲೆಸ್ ಸ್ಟೀಲಿನದ್ದು ಕೇಳಿ ಪಡೆಯಿರಿ, ಔಟರನ್ನೂ ಜೊತೆಗೇ ಬದಲಿಸಿ. ಮೇ ಕೊನೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಕೇಬಲ್ ಹೊರತೆಗೆದು ಒರೆಸಿ ತೆಳ್ಳಗೆ ಗ್ರೀಸ್ ಸವರಿದರೆ ಸಾಕು. ವಿ-ಬ್ರೇಕಿನ ತೋಳು ಕೂರುವ ಗೂಟಕ್ಕೂ ಇದೇ ಶುಶ್ರೂಷೆ: ಬೋಲ್ಟ್ ಬಿಚ್ಚಿ, ತೋಳು ಕಳಚಿ, ಗೂಟದ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಗ್ರೀಸ್ ಹಚ್ಚಿ.

ಹೈಡ್ರಾಲಿಕ್ ಡಿಸ್ಕಿನ ನಿಜವಾದ ಲಾಭ ಕರಾವಳಿಯಲ್ಲಿ ಇದೇ ಅನ್ನಬೇಕು. ಅದರ ಬಲಕ್ಕಿಂತ, ಉಪ್ಪು ತಿನ್ನಲು ಅದರಲ್ಲಿ ಕೇಬಲ್ಲೇ ಇಲ್ಲ. ಪ್ಯಾಡ್ ಸವೆದಂತೆ ಪಿಸ್ಟನ್ ತಾನೇ ಮುಂದೆ ಬರುತ್ತದೆ. ಆದರೆ ಎಣ್ಣೆಯಲ್ಲಿ ಗಾಳಿ ಸೇರಿ ಲಿವರ್ ಮೆತ್ತಗಾದರೆ ಅದನ್ನು ತೆಗೆಯಲು ಸಿರಿಂಜು, ಕೊಳವೆ, ಸರಿಯಾದ ಎಣ್ಣೆ, ಬಲ್ಲವರ ಕೈ ನಾಲ್ಕೂ ಬೇಕು. ಶಿಮಾನೊ, ಟೆಕ್ಟ್ರೊ ಬ್ರೇಕುಗಳಿಗೆ ಬೇಕಾದದ್ದು ಮಿನರಲ್ ಆಯಿಲ್. ಬೈಕಿನ ಅಂಗಡಿಯಲ್ಲಿ ಸಿಗುವ ಡಾಟ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲ್ ಉಬ್ಬಿ ಬ್ರೇಕೇ ಹಾಳು. ಇನ್ನೊಂದು: ಪಂಕ್ಚರಿಗೆ ಚಕ್ರ ಬಿಚ್ಚಿದಾಗ ಲಿವರ್ ಒತ್ತಬೇಡಿ. ನಡುವೆ ತಟ್ಟೆ ಇಲ್ಲದೆ ಪಿಸ್ಟನ್ನುಗಳು ಒಟ್ಟಿಗೆ ಬಂದು ಕೂರುತ್ತವೆ, ಚಕ್ರ ಒಳಗೆ ಹೋಗುವುದಿಲ್ಲ. ಮಡಚಿದ ದಪ್ಪ ರಟ್ಟೊಂದನ್ನು ನಡುವೆ ಸಿಕ್ಕಿಸಿಟ್ಟರೆ ಆ ತಾಪತ್ರಯ ಇಲ್ಲ.

ಡಿಸ್ಕಿನ ದೊಡ್ಡ ವೈರಿ ಎಣ್ಣೆ. ಚೈನಿಗೆ ತೆಂಗಿನೆಣ್ಣೆ ಬಿಡುವುದು ನಮ್ಮಲ್ಲಿ ವಾಡಿಕೆ, ತುಕ್ಕು ಬಿಡಿಸುವ ಸ್ಪ್ರೇಯನ್ನು ಇಡೀ ಸೈಕಲ್ಲಿಗೆ ಹೊಡೆಯುವುದು ಈಚಿನ ವಾಡಿಕೆ. ಒಂದು ಹನಿ ತಟ್ಟೆಗೆ ತಾಗಿದರೆ ಪ್ಯಾಡ್ ಅದನ್ನು ಹೀರಿಕೊಳ್ಳುತ್ತದೆ. ಆಮೇಲೆ ಬ್ರೇಕ್ ಹಿಡಿದರೆ ಊರಿಗೆಲ್ಲ ಕೇಳುವಂತೆ ಕಿರುಚುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ತಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬಹುದು. ಪ್ಯಾಡಿನ ಮೇಲ್ಮೈ ಉಜ್ಜಿ ನೋಡಬಹುದು, ಆದರೆ ಆಳಕ್ಕೆ ಇಳಿದ ಎಣ್ಣೆ ಹೋಗುವುದಿಲ್ಲ, ಹೊಸ ಜೊತೆ ಹಾಕುವುದೇ ದಾರಿ. ಗ್ಯಾಸ್ ಒಲೆಯ ಮೇಲೆ ಪ್ಯಾಡ್ ಸುಡುವ ಉಪಾಯವನ್ನು ನಂಬಬೇಡಿ, ಕಬ್ಬಿಣದ ತಗಡಿನಿಂದ ಪ್ಯಾಡಿನ ಪದರ ಬಿಟ್ಟುಕೊಳ್ಳುತ್ತದೆ.

ಹೊಸ ಪ್ಯಾಡ್ ಹಾಕಿದ ದಿನ ಬ್ರೇಕ್ ಚೆನ್ನಾಗಿ ಹಿಡಿಯದಿದ್ದರೆ ಗಾಬರಿ ಬೇಡ. ಖಾಲಿ ರಸ್ತೆಯಲ್ಲಿ ಗಂಟೆಗೆ ಇಪ್ಪತ್ತರ ವೇಗಕ್ಕೆ ಹೋಗಿ, ಚಕ್ರ ಲಾಕ್ ಆಗದಂತೆ ನಡಿಗೆಯ ವೇಗಕ್ಕೆ ಇಳಿಸಿ. ಹೀಗೆ ಇಪ್ಪತ್ತು ಸಲ ಮಾಡಿದರೆ ಪ್ಯಾಡಿನ ಪುಡಿ ತಟ್ಟೆಗೆ ಸಮನಾಗಿ ಲೇಪವಾಗಿ ಹಿಡಿತ ಕೂರುತ್ತದೆ. ಪ್ಯಾಡಿನಲ್ಲಿ ರೆಸಿನ್ ಮತ್ತು ಮೆಟಲ್ ಎಂದು ಎರಡು. ಮಳೆಗೆ, ಕೆಸರಿಗೆ ಮೆಟಲ್ ಹೆಚ್ಚು ಬಾಳುತ್ತದೆ, ಸದ್ದು ಜಾಸ್ತಿ. ಆದರೆ ಅಗ್ಗದ ತಟ್ಟೆಗಳ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಇಂಗ್ಲಿಷಿನಲ್ಲಿ ಕೊರೆದಿರುತ್ತದೆ. ಅದಕ್ಕೆ ಮೆಟಲ್ ಹಾಕಿದರೆ ತಟ್ಟೆಯೇ ಸವೆಯುತ್ತದೆ. ಶಿಮಾನೊ ತಟ್ಟೆ ಹೊಸದರಲ್ಲಿ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಇಳಿದರೆ ಬದಲಿಸಬೇಕು.

ರಿಮ್ ಬ್ರೇಕಿನವರು ನೋಡಬೇಕಾದದ್ದು ರಿಮ್ಮಿನ ಗೋಡೆಯನ್ನು. ನಮ್ಮ ಕೆಂಪು ಮಣ್ಣು, ಜಂಬಿಟ್ಟಿಗೆಯ ಪುಡಿ, ಕಡಲ ಮರಳು ಎಲ್ಲ ರಬ್ಬರಿನಲ್ಲಿ ಕಚ್ಚಿಕೊಂಡು ಅಲ್ಯುಮಿನಿಯಮ್ಮನ್ನು ಅರದಂತೆ ಉಜ್ಜುತ್ತವೆ. ಬ್ರೇಕ್ ಹಿಡಿದಾಗ ಕರಕರ ಎಂದರೆ ಅದೇ ದಿನ ರಬ್ಬರ್ ಬಿಚ್ಚಿ, ಸೂಜಿಯಿಂದ ಹರಳು, ಲೋಹದ ಚೂರು ಕೀಳಿ, ಮೇಲ್ಮೈಯನ್ನು ಉಪ್ಪುಕಾಗದದಿಂದ ಉಜ್ಜಿ. ಒಳ್ಳೇ ರಿಮ್ಮಿನ ಬದಿಯಲ್ಲಿ ಸವೆತ ತಿಳಿಯಲೆಂದೇ ಸಣ್ಣ ಗೀರು ಅಥವಾ ಚುಕ್ಕಿ ಇರುತ್ತದೆ. ಅದು ಮಾಯವಾದರೆ ರಿಮ್ ಮುಗಿಯಿತು. ಗೋಡೆಯ ಮೇಲೆ ಬೆರಳಾಡಿಸಿ: ಒಳಕ್ಕೆ ಗುಳಿ ಬಿದ್ದಿದ್ದರೆ ಟಯರಿನ ಗಾಳಿಯ ಒತ್ತಡಕ್ಕೆ ಅದು ಒಂದು ದಿನ ಸೀಳುತ್ತದೆ. ರಬ್ಬರ್ ಕೂರಿಸುವಾಗ ರಿಮ್ಮಿಗೂ ಅದಕ್ಕೂ ಎರಡು ಮಿಲಿಮೀಟರ್ ಅಂತರವಿರಲಿ, ಮುಂಭಾಗ ಹಿಂಭಾಗಕ್ಕಿಂತ ಒಂದು ಮಿಲಿಮೀಟರ್ ಹತ್ತಿರವಿರಲಿ. ಹೀಗಿದ್ದರೆ ಕಿರುಚುವುದಿಲ್ಲ. ರಬ್ಬರ್ ಟಯರಿಗೆ ಮಾತ್ರ ತಾಗಬಾರದು.

ಘಟ್ಟ ಇಳಿಯುವವರಿಗೆ ಲೆಕ್ಕವೇ ಬೇರೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವಾಗ ಒಟ್ಟು ಇಳಿತ 500 ಮೀಟರಿಗೂ ಹೆಚ್ಚು. ಸವಾರ, ಸೈಕಲ್ ಸೇರಿ 85 ಕಿಲೋ ಇದ್ದರೆ 500 ಮೀಟರ್ ಇಳಿತಕ್ಕೇ ಸುಮಾರು 416 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಒಂದಿಷ್ಟನ್ನು ಗಾಳಿ ತಿನ್ನುತ್ತದೆ, ನಿಧಾನ ಇಳಿದರೆ ಹೆಚ್ಚಿನದು ಬ್ರೇಕಿನಲ್ಲೇ ಶಾಖವಾಗುತ್ತದೆ. ರಿಮ್ ಬ್ರೇಕನ್ನು ಎಳೆದು ಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬಿನ ಪ್ಯಾಚ್ ಅಂಟು ಸಡಿಲವಾಗಬಹುದು. ಡಿಸ್ಕನ್ನು ಹಾಗೆ ಹಿಡಿದರೆ ರೆಸಿನ್ ಪ್ಯಾಡಿನ ಮೈ ಗಾಜಿನಂತಾಗುತ್ತದೆ, ತಟ್ಟೆ ಕಂದು ಬಣ್ಣಕ್ಕೆ ತಿರುಗುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಆಮೇಲೆ ಬಿಟ್ಟುಬಿಡಿ. ಬಿಟ್ಟ ಹೊತ್ತಿನಲ್ಲಿ ಅದು ತಣಿಯುತ್ತದೆ. ಕೆಳಗಿಳಿದ ಕೂಡಲೇ ತಟ್ಟೆ ಮುಟ್ಟಿ ನೋಡುವ ಕುತೂಹಲ ಬೇಡ, ಬೆರಳು ಸುಡುತ್ತದೆ.

ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳುತ್ತೇವೆ ಎಂದು ಅದನ್ನು ಬಿಚ್ಚಿಡುವವರೂ ಇದ್ದಾರೆ. ಗಟ್ಟಿ ರಸ್ತೆಯಲ್ಲಿ ಸೈಕಲ್ ನಿಲ್ಲಿಸುವ ಬಲದ ದೊಡ್ಡ ಪಾಲು ಮುಂದಿನ ಚಕ್ರದ್ದೇ. ಮೈಭಾರವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಹದವಾಗಿ ಒತ್ತಿದರೆ ಯಾರೂ ಬೀಳುವುದಿಲ್ಲ. ಸಡಿಲ ಜಲ್ಲಿ, ಮರಳಿನ ಮೇಲೆ ಮಾತ್ರ ಕೈ ಹಗುರವಿರಲಿ.

ಹಾಗಾದರೆ ಯಾರಿಗೆ ಯಾವುದು? ಕಾರವಾರ, ಅಂಕೋಲಾ, ಹೊನ್ನಾವರದ ಸಮತಟ್ಟಿನಲ್ಲಿ ಶಾಲೆಗೆ, ಪೇಟೆಗೆ ಹೋಗುವವರಿಗೆ ಅಲ್ಯುಮಿನಿಯಂ ರಿಮ್ಮಿನ ವಿ-ಬ್ರೇಕ್ ಸಾಕು. ಅಗ್ಗದ ಮೆಕ್ಯಾನಿಕಲ್ ಡಿಸ್ಕಿಗಿಂತ ಅದು ಮೇಲು, ಇದರಲ್ಲಿ ಅನುಮಾನವಿಲ್ಲ. ಕ್ಯಾರಿಯರಿನ ಮೇಲೆ ಭಾರ ಹೇರುವವರೂ ಅದನ್ನೇ ನೋಡಲಿ, ಹಲವು ಡಿಸ್ಕ್ ಸೈಕಲ್ಲುಗಳಲ್ಲಿ ಹಿಂದಿನ ಕ್ಯಾಲಿಪರ್ ಕ್ಯಾರಿಯರಿನ ಕಾಲಿಗೆ ಅಡ್ಡ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ದಿನವೂ ಏರಿಳಿತ, ತೋಟದ ಕೆಸರು ದಾರಿ ಇರುವವರಿಗೆ ಡಿಸ್ಕ್, ಕೈಗೆಟುಕಿದರೆ ಹೈಡ್ರಾಲಿಕ್. ನಡುವಿನ ಮೆಕ್ಯಾನಿಕಲ್ ಕೊಳ್ಳುವುದಾದರೆ ಎರಡೂ ಪ್ಯಾಡ್ ಚಲಿಸುವಂಥದ್ದನ್ನೇ ಕೇಳಿ.

ಅಂಗಡಿಯಲ್ಲೇ ಲಿವರನ್ನು ಪೂರ್ತಿ ಒತ್ತಿ ನೋಡಿ, ಹ್ಯಾಂಡಲಿಗೆ ತಾಗಿದರೆ ಹೊಂದಿಸಿ ಕೊಡಲು ಹೇಳಿ. ಡಿಸ್ಕಿನ ಸೈಕಲ್ಲಿಗೆ ಮುಂದಿನ ಚಕ್ರದಲ್ಲಿ ಕ್ವಿಕ್ ರಿಲೀಸ್ (ಪಾನಾ ಇಲ್ಲದೆ ಚಕ್ರ ಬಿಚ್ಚುವ ಹಿಡಿ) ಇದ್ದರೆ ಅದರ ಹಿಡಿ ಡಿಸ್ಕಿಲ್ಲದ ಕಡೆ ಇರಲಿ, ಅಂಗೈಯಲ್ಲಿ ಗುರುತು ಮೂಡುವಷ್ಟು ಬಿಗಿಯಾಗಿರಲಿ. ಬ್ರೇಕಿನ ಬಲ ಚಕ್ರವನ್ನು ಫೋರ್ಕಿನಿಂದ ಹೊರಗೆ ತಳ್ಳುವ ದಿಕ್ಕಿನಲ್ಲೇ ಇರುತ್ತದೆ. ಡಿಸ್ಕ್ ಪ್ಯಾಡುಗಳ ಆಕಾರ ಕ್ಯಾಲಿಪರಿಗೊಂದು ಥರ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಸೈಕಲ್ ಕೊಂಡ ದಿನವೇ ಒಂದು ಜೊತೆ ಹೆಚ್ಚಿಗೆ ಕೊಂಡಿಟ್ಟುಕೊಳ್ಳಿ, ಮುಂದೆ ಬೇಕಾದಾಗ ಹಳೇ ಪ್ಯಾಡನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ.

ನಮಸ್ಕಾರ.